ಬಿಳಿ ಪಟ್ಟಿಯ ಏಳನೇ ನಂಬರು

ಮೂರು ಪೆಟ್ಟಿಗೆಗಳೂ ಒಂದೇ ದಿನ ಬಂದವು. ದುಬೈಯ ರಾಸ್ ಅಲ್ ಖೋರ್‌ನ ನಮ್ಮ ಶೆಡ್ಡಿನ ಮುಂದೆ ಪಿಕಪ್ ನಿಲ್ಲಿಸಿ ಮ್ಯಾನೇಜರ್ ತಾವೇ ಅವನ್ನು ಒಂದೊಂದಾಗಿ ಇಳಿಸಿದರು. ಸಾಮಾನ್ಯವಾಗಿ ಅವರು ಪೆಟ್ಟಿಗೆ ಮುಟ್ಟುವವರಲ್ಲ. ಎರಡೂ ಕೈಯಲ್ಲಿ ತಬ್ಬಿ ಇಳಿಸಿದ ರೀತಿ ನೋಡಿಯೇ ಒಳಗಿರುವುದು ಸಾಧಾರಣ ಸಾಮಾನಲ್ಲ ಎಂದು ನನಗೂ ಆಚಾರ್ರಿಗೂ ಗೊತ್ತಾಯಿತು.

ನಮ್ಮದು ಗಾಲ್ಫ್ ಕೋಲುಗಳ ರಿಪೇರಿ ವರ್ಕ್‌ಶಾಪ್. ಅಂಗಡಿ ಊರೊಳಗೆ, ಗಾಜಿನ ಬಾಗಿಲು ಇರುವ ಕಡೆ. ವರ್ಕ್‌ಶಾಪ್ ಇಲ್ಲಿ, ರೇಡಿಯೇಟರ್ ಬೆಸುಗೆ ಹಾಕುವವರಿಗೂ ಟಯರ್ ಅಂಗಡಿಗೂ ನಡುವೆ. ಕೆಲಸಕ್ಕೆ ಇಬ್ಬರೇ. ಆಚಾರ್ರು ಕಬ್ಬಿಣ ಬಗ್ಗಿಸುವವರು, ನಾನು ಅಳೆದು ಬರೆಯುವವನು. ಅವರು ಕಾರ್ಕಳದ ಕಡೆಯ ಕಮ್ಮಾರರ ಮನೆಯವರು. ತಂದೆಯ ಕುಲುಮೆಯಲ್ಲಿ ಕತ್ತಿ, ಹಾರೆ ಬಡಿದು ಬೆಳೆದು, ದುಬೈಗೆ ಬಂದು ಗೇಟು, ಗ್ರಿಲ್ಲು ಮಾಡಿ, ಕೊನೆಗೆ ಈ ಕೆಲಸಕ್ಕೆ ಬಂದವರು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಮುಲ್ಕಿಯಿಂದ ಬಂದವನು. ನಾವಿಬ್ಬರೂ ಒಂದು ದಿನವೂ ಗಾಲ್ಫ್ ಆಡಿದವರಲ್ಲ.

ಆಚಾರ್ರು ಈಗ ಇಲ್ಲ. ಅವರು ಹೋದ ಮೇಲೆ ಅವರ ಜೊತೆ ಕಳೆದ ವರ್ಷಗಳೆಲ್ಲ ಒಟ್ಟಿಗೆ ನೆನಪಿಗೆ ಬರುತ್ತಿಲ್ಲ. ಆ ಪೆಟ್ಟಿಗೆಗಳು ಬಂದ ಒಂದು ತಿಂಗಳು ಮಾತ್ರ ಮತ್ತೆ ಮತ್ತೆ ಬರುತ್ತದೆ. ಅದನ್ನು ನಡೆದ ಹಾಗೆ ಬರೆದಿಡುತ್ತೇನೆ.

ಅದು ತೊಂಬತ್ತರ ದಶಕ ಮುಗಿಯುತ್ತಿದ್ದ ಸಮಯ. ಮರುಭೂಮಿಯಲ್ಲಿ ಒಂದರ ಹಿಂದೆ ಒಂದು ಹಸಿರು ಮೈದಾನ ಏಳುತ್ತಿತ್ತು. ಒಳ್ಳೆಯ ಕೋಲು ಕೇಳುವವರು ಹೆಚ್ಚಾಗಿದ್ದರು. ಜಪಾನಿನಲ್ಲಿ ಕಬ್ಬಿಣವನ್ನು ಕಾಯಿಸಿ ಬಡಿದು ಮಾಡುವ ಕೋಲುಗಳು ಬಹಳ ಮೇಲು ಎಂಬ ಮಾತಿತ್ತು. ಮೂರು ಜಪಾನಿ ಕಂಪನಿಗಳು ಒಂದೊಂದು ಪೂರ್ತಿ ಸೆಟ್ ಕಳಿಸಿದ್ದವು: ದೂರಕ್ಕೆ ಹೊಡೆಯುವ ಕಬ್ಬಿಣದ ಕೋಲುಗಳು, ಮರಳಿನಿಂದ ಚೆಂಡು ಎತ್ತುವ ವೆಜ್‌ಗಳು, ಗುಳಿಗೆ ಚೆಂಡು ಉರುಳಿಸುವ ಪಟ್ಟರ್. ಮೂರರಲ್ಲಿ ಒಂದನ್ನು ನಮ್ಮ ಅಂಗಡಿ ತರಿಸಿ ಮಾರಬೇಕು. ಯಾವುದು ಎಂದು ಒಂದು ತಿಂಗಳಲ್ಲಿ ನಾವು ಹೇಳಬೇಕು.

ಮ್ಯಾನೇಜರ್ ಉಪ್ಪಿನಂಗಡಿಯ ಬ್ಯಾರಿ. ಅಂಗಡಿಯಲ್ಲಿ ಇಂಗ್ಲಿಷ್, ಅಂಗಡಿಯ ಮಾಲೀಕ ಅರಬಾಬನ ಜೊತೆ ಅರಬಿ, ನಮ್ಮ ಜೊತೆ ತುಳು ಕನ್ನಡ ಎರಡೂ. ಒಂದು ಪೆಟ್ಟಿಗೆಯೊಳಗೆ ಇದ್ದ ಕಾಗದವನ್ನು ಅವರು ಓದಿ ಹೇಳಿದರು.

"ಇವರದ್ದು ಒಂದು ವಿಶೇಷ ಉಂಟು ಆಚಾರ್ರೇ. ಇವರ ಮಾಲು ತಗೊಂಡರೆ ನಮ್ಮ ವರ್ಕ್‌ಶಾಪಿನ ಒಬ್ಬರನ್ನು ಎರಡು ವಾರ ಜಪಾನಿಗೆ ಕರೆಸ್ತಾರಂತೆ. ಅವರ ಕುಲುಮೆ ತೋರಿಸ್ಲಿಕ್ಕೆ."

ಆಚಾರ್ರು ಕೈಯಲ್ಲಿದ್ದ ಬಟ್ಟೆಯನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು.

"ಒಬ್ಬರು ಅಂದ್ರೆ?"

"ಒಬ್ಬರು ಅಂದ್ರೆ ನೀವು. ಮತ್ತೆ ಯಾರು? ಈ ನಮ್ಮ ರೈಟರನ್ನು ಕಳಿಸಿ ಎಂತ ಮಾಡುದು, ಅಲ್ಲಿಯೂ ಬರೀಲಿಕ್ಕಾ?"

ಆಚಾರ್ರಿಗೆ ಆಗ ಐವತ್ತೆಂಟು ದಾಟಿತ್ತು. ವೀಸಾ ಇನ್ನು ಒಂದೂವರೆ ವರ್ಷ. ಅರುವತ್ತಾದರೆ ಮತ್ತೆ ವೀಸಾ ಹೊಡೆಯುವುದಿಲ್ಲ, ಊರಿಗೆ ಹೋಗುವುದೇ. ಜಪಾನಿ ಕೋಲು ರಿಪೇರಿಗೆ ಬಂದಾಗಲೆಲ್ಲ ಅವರು ಅದರ ಕುತ್ತಿಗೆಯನ್ನು, ಕೋಲು ತಲೆಗೆ ಸೇರುವ ಜಾಗವನ್ನು, ಹೆಬ್ಬೆರಳಿನಿಂದ ಸವರಿ, "ಇದನ್ನು ಬಡಿಯುವವನ ಕೈ ಒಮ್ಮೆ ನೋಡಬೇಕು ಮಾರಾಯ" ಎನ್ನುತ್ತಿದ್ದರು. ಅಲ್ಲಿಯ ದೇವಸ್ಥಾನ, ರೈಲು ಯಾವುದೂ ಅವರಿಗೆ ಬೇಕಿರಲಿಲ್ಲ. ಕುಲುಮೆ ಮಾತ್ರ. ನೋಡಲು ಇದ್ದ ದಾರಿ ಇದೊಂದೇ.

ಮ್ಯಾನೇಜರ್ ಹೋದ ಮೇಲೆ ಅವರು ಪೆಟ್ಟಿಗೆಗಳ ಕಡೆ ಬೆನ್ನು ಹಾಕಿ ಕೂತರು.

"ಕೆಂಪು, ನೀಲಿ, ಬಿಳಿ ಟೇಪು ಉಂಟಲ್ಲ, ಒಂದೊಂದು ಕಂಪನಿಗೆ ಒಂದು ಬಣ್ಣ ಸುತ್ತು. ಹೆಸರು, ಗುರುತು ಎಲ್ಲ ಮುಚ್ಚು. ಯಾವುದು ಯಾರದ್ದು ಅಂತ ನನಗೆ ಹೇಳಬೇಡ. ಕೇಳಿದರೂ ಹೇಳಬೇಡ."

"ಯಾಕೆ ಆಚಾರ್ರೇ?"

"ಯಾಕೆಂದ್ರೆ ನನಗೆ ಹೋಗಬೇಕು. ಅದಕ್ಕೆ."

ನಾನು ಟೇಪು ಸುತ್ತಿದೆ. ಜಪಾನಿಗೆ ಕರೆಯುವ ಕಂಪನಿಗೆ ನನ್ನ ಕೈಗೆ ಸಿಕ್ಕಿದ್ದು ಬಿಳಿ.

ಮೊದಲ ವಾರ ತೂಕ. ಅಂಟನ್ನು ಬಿಸಿ ಗಾಳಿಯಿಂದ ಸಡಿಲಿಸಿ, ಕೋಲಿನ ತುದಿಯಿಂದ ಚೆಂಡು ಹೊಡೆಯುವ ಕಬ್ಬಿಣದ ತಲೆಗಳನ್ನು ಬಿಡಿಸಿ, ಅಕ್ಕಸಾಲಿಗರ ತಕ್ಕಡಿಯಲ್ಲಿ ಇಟ್ಟೆವು. ಒಂದು ಸೆಟ್ಟಿನ ಕೋಲುಗಳಿಗೆ ಮೂರರಿಂದ ಮೇಲೆ ನಂಬರು ಇರುತ್ತದೆ. ಮೂರನೇ ನಂಬರಿನ ತಲೆ ಹಗುರ, ನಾಲ್ಕನೆಯದು ಅದಕ್ಕಿಂತ ಏಳು ಗ್ರಾಂ ಹೆಚ್ಚು, ಐದನೆಯದು ಮತ್ತೆ ಏಳು ಹೆಚ್ಚು, ಹೀಗೆ ಮೆಟ್ಟಿಲು ಏರಬೇಕು. ನಮ್ಮಲ್ಲಿಗೆ ಬರುವ ಎರಕದ ಕೋಲುಗಳಲ್ಲಿ ಮೆಟ್ಟಿಲು ಅಂಕುಡೊಂಕು. ಎರಡು ಮೂರು ಗ್ರಾಂ ಆಚೀಚೆ ಇದ್ದರೆ ಸೀಸದ ಪಟ್ಟಿ ಅಂಟಿಸಿ ಸರಿ ಮಾಡುತ್ತಿದ್ದೆವು. ಈ ಮೂರು ಸೆಟ್‌ಗಳಲ್ಲಿ ಯಾವುದರಲ್ಲೂ ಒಂದು ಗ್ರಾಂ ವ್ಯತ್ಯಾಸ ಕಾಣಲಿಲ್ಲ. ಬಿಳಿಯಲ್ಲಿ ಅರ್ಧ ಗ್ರಾಂ ಕೂಡ ಇರಲಿಲ್ಲ. ತಕ್ಕಡಿ ಕೆಟ್ಟಿರಬೇಕೆಂದು ಆಚಾರ್ರು ಒಂದು ದಿರ್ಹಮ್ ನಾಣ್ಯ ಇಟ್ಟು ನೋಡಿದರು. ಕೆಟ್ಟಿರಲಿಲ್ಲ.

"ಇದು ಬಡಿದ ಕಬ್ಬಿಣ," ಎಂದರು. "ಅಚ್ಚಿಗೆ ಹೊಯ್ದದ್ದಲ್ಲ. ಬಡಿದ ಮೇಲೆ ಕೈಯಿಂದ ಉಜ್ಜಿ ತೂಕಕ್ಕೆ ತಂದದ್ದು. ಉಜ್ಜುವವನಿಗೆ ಅರ್ಧ ಗ್ರಾಂ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತುಂಟು."

ಆ ದಿನ ಅವರು ಬೇರೆ ಕೆಲಸ ಮುಟ್ಟಲಿಲ್ಲ. ತಲೆಗಳನ್ನು ಬಟ್ಟೆಯ ಮೇಲೆ ಸಾಲಾಗಿ ಇಟ್ಟು ಮಧ್ಯಾಹ್ನವಿಡೀ ನೋಡಿದರು.

ಪಟ್ಟರ್ ಪರೀಕ್ಷೆಗೆ ಅವರದ್ದೇ ಒಂದು ಉಪಾಯ ಮಾಡಿದರು. ಎರಡು ಕಬ್ಬಿಣದ ಕುರ್ಚಿಗಳ ನಡುವೆ ಸರಳು ಹಾಕಿ, ಪಟ್ಟರನ್ನು ಗಡಿಯಾರದ ಲೋಲಕದ ಹಾಗೆ ತೂಗುಬಿಟ್ಟರು. ಗೋಡೆಯ ಮೇಲೆ ಸೀಮೆಸುಣ್ಣದ ಗುರುತಿನವರೆಗೆ ಎಳೆದು ಬಿಡುವುದು, ಹಸಿರು ಕಾರ್ಪೆಟ್ ಮೇಲೆ ಚೆಂಡು ಎಲ್ಲಿ ನಿಲ್ಲುತ್ತದೋ ಅಲ್ಲಿ ನಾನು ಗೀಟು ಹಾಕುವುದು. ಕೈಯ ತಪ್ಪು ಅದರಲ್ಲಿ ಸೇರುವುದಿಲ್ಲ. ಕೆಂಪಿನ ಹತ್ತು ಚೆಂಡುಗಳು ಒಂದು ಮೊಳದೊಳಗೆ ನಿಂತವು. ನೀಲಿಯವು ಒಂದು ಗೇಣಿನೊಳಗೆ. ಬಿಳಿಯ ಹತ್ತನ್ನೂ ನನ್ನ ಅಂಗೈಯಿಂದ ಮುಚ್ಚಬಹುದಿತ್ತು. ನಾನು ಮುಚ್ಚಿ ತೋರಿಸಿದೆ. ಪಕ್ಕದ ರೇಡಿಯೇಟರ್ ಅಂಗಡಿಯವರೂ ಬಂದು ನೋಡಿ ಹೋದರು.

ಇವೆಲ್ಲದರ ಜೊತೆಗೆ ಹಿಂದಿನ ಬಾಗಿಲ ಹತ್ತಿರ ತುಕ್ಕಿನ ಪರೀಕ್ಷೆ ನಡೆದಿತ್ತು. ಪ್ರತಿ ಕಂಪನಿಯೂ ಲೇಪವಿಲ್ಲದ ಒಂದು ಬರಿ ವೆಜ್ ಕಳಿಸಿತ್ತು. ಬರಿ ಕಬ್ಬಿಣ ಚೆಂಡನ್ನು ಹೆಚ್ಚು ಹಿಡಿಯುತ್ತದೆ ಎಂದು ಕೆಲವು ಆಟಗಾರರಿಗೆ ಅದೇ ಬೇಕು. ಆದರೆ ದುಬೈಯ ಗಾಳಿ ನಮ್ಮ ಕರಾವಳಿಯ ಗಾಳಿಯ ಹಾಗೆಯೇ ಉಪ್ಪು. ಅದಕ್ಕೆ ಆಚಾರ್ರು ಮೂರು ಬರಿ ವೆಜ್‌ಗಳನ್ನು ಉಪ್ಪುನೀರು ಚಿಮುಕಿಸಿದ ಮರಳಿನ ತಟ್ಟೆಯಲ್ಲಿ ನಿಲ್ಲಿಸಿದ್ದರು. ಹತ್ತು ದಿನ ಮುಟ್ಟಬಾರದು. ಯಾವುದರ ತುಕ್ಕು ಮೇಲೆಯೇ ನಿಲ್ಲುತ್ತದೆ, ಯಾವುದರದ್ದು ಗುಂಡಿ ತೋಡುತ್ತದೆ ಎಂದು ನೋಡುವುದು.

ಆರನೆಯ ದಿನ ಗುರುವಾರ. ಮರುದಿನ ರಜೆ ಎಂದು ನಾನು ಶೆಡ್ಡು ಗುಡಿಸಿ ಎಲ್ಲ ಉಪಕರಣ ಒರೆಸಿದೆ. ನಮ್ಮ ಮನೆಯಲ್ಲಿ ಕತ್ತಿ, ಮೆಟ್ಟುಗತ್ತಿ, ಕೊನೆಗೆ ಬೀಗದ ಕೈಯನ್ನೂ ವಾರಕ್ಕೊಮ್ಮೆ ತೆಂಗಿನೆಣ್ಣೆ ಹಾಕಿ ಒರೆಸದಿದ್ದರೆ ಅಮ್ಮ ಊಟಕ್ಕೆ ಕರೆಯುತ್ತಿರಲಿಲ್ಲ. ಕಡಲ ಬದಿಯ ಮನೆಗಳಲ್ಲಿ ತುಕ್ಕು ಎಂದರೆ ಸೋಮಾರಿತನ. ಕೈ ತನ್ನಷ್ಟಕ್ಕೆ ನಡೆಯಿತು. ಮೂರು ವೆಜ್‌ಗಳನ್ನೂ ಮರಳಿನಿಂದ ತೆಗೆದು, ಉಜ್ಜಿ, ಎಣ್ಣೆ ಹಚ್ಚಿ, ಮಿರಮಿರ ಮಾಡಿ ಬೆಂಚಿನ ಮೇಲೆ ಸಾಲಾಗಿ ಇಟ್ಟು ಬೀಗ ಹಾಕಿ ಹೋದೆ.

ಶನಿವಾರ ಬೆಳಿಗ್ಗೆ ಆಚಾರ್ರು ಅವುಗಳಲ್ಲಿ ಒಂದನ್ನು ಎತ್ತಿ ತಿರುಗಿಸಿ ನೋಡಿದರು.

"ಇದು ಯಾರು ಮಾಡಿದ್ದು?"

"ನಾನು. ತುಕ್ಕು ಹಿಡಿದಿತ್ತು" ಎಂದೆ. ಹೇಳುವಾಗಲೇ ತಲೆಗೆ ಹೊಳೆಯಿತು.

"ನಿನ್ನ ಅಮ್ಮ ನಿನ್ನನ್ನು ಚಂದ ಮಾಡಿ ಬೆಳೆಸಿದ್ದಾರೆ. ನಾನು ಎಂತ ಹೇಳುದು ಅದಕ್ಕೆ?"

ಆರು ದಿನ ಹೋಯಿತು. ಮತ್ತೆ ಮೊದಲಿನಿಂದ ಇಟ್ಟೆವು. ಶಿಕ್ಷೆಯ ಹಾಗೆ, ಪ್ರತಿ ಬೆಳಿಗ್ಗೆ ಎಷ್ಟು ದಿನದ ತುಕ್ಕು ಎಂದು ದಿನ ಎಣಿಸದೆ, ಬರಿಗಣ್ಣಿನಿಂದ ನೋಡಿಯೇ ನಾನು ಹೇಳಬೇಕಾಯಿತು. ಮೊದಲ ದಿನ ಅರಸಿನ ನೀರಿನ ಬಣ್ಣ. ಮೂರನೆಯ ದಿನ ಹೆಂಚಿನ ಬಣ್ಣ, ಬೆರಳಿಗೆ ಹುಡಿ ಹತ್ತುತ್ತದೆ. ಏಳನೆಯ ದಿನದ ಹೊತ್ತಿಗೆ ಕಾಫಿ ಹುಡಿಯ ಬಣ್ಣ, ಬೆರಳಿಗೆ ಹತ್ತುವುದು ಕಡಿಮೆ. ನಂತರ ಅದು ಚರ್ಮದ ಹಾಗೆ ಗಟ್ಟಿಯಾಗಿ, ಅಂಚಿನಲ್ಲಿ ಉಗುರಿಗೆ ಏಳುತ್ತದೆ. ಕಟ್ಟಡದೊಳಗಿನ ತುಕ್ಕಿಗೆ ಇದೇ ಕ್ರಮ, ಆದರೆ ನಾಲ್ಕೈದು ಪಟ್ಟು ನಿಧಾನ ಎಂದು ಕಿಟಕಿಯ ಸರಳು ತೋರಿಸಿ ಕಲಿಸಿದರು. ಹತ್ತು ದಿನ ಕಳೆದಾಗ ಮೂರರದ್ದೂ ತುಕ್ಕು ಮೇಲೆಯೇ ನಿಂತಿತ್ತು, ಗುಂಡಿ ತೋಡಿರಲಿಲ್ಲ. ಅಷ್ಟು ವರ್ಷ ತುಕ್ಕನ್ನು ಒರೆಸಿದ್ದ ನಾನು ಅದನ್ನು ನೋಡಿದ್ದು ಆಗಲೇ.

ಮೂರನೆಯ ವಾರ ಮ್ಯಾನೇಜರ್ ನಮ್ಮನ್ನು ಮೈದಾನಕ್ಕೆ ಕರೆದುಕೊಂಡು ಹೋದರು. ಅಲ್ಲಿಯ ಕೋಚ್, ಸ್ಕಾಟ್ಲೆಂಡಿನವನು, ಮೂರು ಸೆಟ್ಟುಗಳ ಲೇಪದ ವೆಜ್‌ಗಳಿಂದಲೂ ಮರಳಿನಿಂದ ಚೆಂಡು ಎತ್ತಿ ತೋರಿಸುವುದೆಂದು ಮಾತಾಗಿತ್ತು. ಹುಲ್ಲಿನ ಅಂಚಿನಲ್ಲಿ ಆಚಾರ್ರು ಚಪ್ಪಲಿ ಬಿಟ್ಟರು.

"ಇದೆಂತ ಆಚಾರ್ರೇ, ಇದು ಮಸೀದಿಯಾ?" ಎಂದರು ಮ್ಯಾನೇಜರ್.

"ಈ ಬಿಸಿಲಲ್ಲಿ ಇಷ್ಟು ನೀರು ಕುಡಿಸಿ ಸಾಕಿದ್ದಾರೆ ಸಾಹೇಬ್ರೇ. ಮೆಟ್ಟಿಕೊಂಡು ಹೋಗ್ಲಿಕ್ಕೆ ಮನಸ್ಸು ಬರುದಿಲ್ಲ."

ಕೋಚ್ ಹೊಡೆದ. ವೆಜ್‌ನ ಅಡಿಭಾಗಕ್ಕೆ ಒಂದು ಸಣ್ಣ ಹೊಟ್ಟೆ ಇರುತ್ತದೆ. ಹೊಟ್ಟೆ ಕಡಿಮೆಯಾದರೆ ಕೋಲು ಮರಳಿನೊಳಗೆ ಹೂತುಹೋಗುತ್ತದೆ, ಹೆಚ್ಚಾದರೆ ಪುಟಿಯುತ್ತದೆ. ಇಲ್ಲಿಯ ಮರಳು ಹಿಟ್ಟಿನ ಹಾಗೆ ನುಣುಪು. ಕೆಂಪಿನದ್ದು ಪ್ರತಿ ಸಲವೂ ಹೂತಿತು. ನೀಲಿ ಮತ್ತು ಬಿಳಿ ಮರಳನ್ನು ತೆಳುವಾಗಿ ಸೀಳಿ ಹೊರಬಂದವು. ಆಚಾರ್ರು ಹಿಂದೆ ನಿಂತು ಕಣ್ಣು ಮುಚ್ಚಿ ಕೇಳುತ್ತಿದ್ದರು. ಬಿಳಿಯಿಂದ ಹುಲ್ಲಿನ ಮೇಲಿನ ಚೆಂಡನ್ನು ಹೊಡೆದಾಗ ಆದ ಸದ್ದು ನನಗೂ ನೆನಪಿದೆ: ಲೋಹದ ಸದ್ದಲ್ಲ, ಹದವಾಗಿ ಒಣಗಿದ ಮರಕ್ಕೆ ಕೊಡತಿ ಬಿದ್ದ ಹಾಗೆ, ಚಿಕ್ಕದಾಗಿ, ಪೂರ್ತಿಯಾಗಿ.

"ಯಾವ ಬಣ್ಣ ಅದು?" ಎಂದರು.

"ಬಿಳಿ."

"ಅದು ದೊಡ್ಡ ಕೈ" ಎಂದರು. ನನಗೆ ಎದೆ ಹಗುರಾಯಿತು. ಇನ್ನು ಉಳಿದದ್ದು ಬಗ್ಗಿಸುವ ಪರೀಕ್ಷೆ ಮಾತ್ರ. ಬಿಳಿ ಗೆಲ್ಲುತ್ತದೆ, ಆಚಾರ್ರು ಜಪಾನಿಗೆ ಹೋಗುತ್ತಾರೆ, ಆಮೇಲೆ ನಾನು ಟೇಪು ಬಿಚ್ಚಿ ತೋರಿಸುತ್ತೇನೆ ಎಂದು ದಾರಿಯಲ್ಲಿ ಲೆಕ್ಕ ಹಾಕಿಕೊಂಡೇ ಬಂದೆ.

ಬಗ್ಗಿಸುವ ಪರೀಕ್ಷೆಯೇ ನಮ್ಮ ನಿಜವಾದ ಕೆಲಸ. ಪ್ರತಿ ಆಟಗಾರನ ಎತ್ತರ, ಕೈಯ ಉದ್ದ ಬೇರೆ. ಅದಕ್ಕೆ ತಕ್ಕಂತೆ ತಲೆ ಮತ್ತು ಕೋಲಿನ ನಡುವಿನ ಕೋನವನ್ನು ಒಂದೆರಡು ಡಿಗ್ರಿ ತಿದ್ದಬೇಕು. ತಲೆಯನ್ನು ಯಂತ್ರದಲ್ಲಿ ಬಿಗಿದು, ಕುತ್ತಿಗೆಗೆ ಹಿತ್ತಾಳೆ ಬಾಯಿಯ ಸನ್ನೆಕೋಲು ಹಾಕಿ ಎಳೆಯುವುದು. ಎರಕದ್ದು ಎಳೆದರೆ ಸಿಟ್ಟಿನಿಂದ ಹಿಂದಕ್ಕೆ ಬರುತ್ತದೆ, ಇಲ್ಲವೆ ಮುರಿಯುತ್ತದೆ. ಬಡಿದ ಕಬ್ಬಿಣ ಮಾತು ಕೇಳುತ್ತದೆ. ಪ್ರತಿ ಸೆಟ್ಟಿನ ಏಳನೇ ನಂಬರನ್ನು ಎರಡು ಡಿಗ್ರಿ ಮೇಲಕ್ಕೆ, ಎರಡು ಡಿಗ್ರಿ ಕೆಳಕ್ಕೆ, ಐದು ಸಲ ಬಗ್ಗಿಸುವುದೆಂದು ಆಚಾರ್ರು ನಿಶ್ಚಯಿಸಿದರು. ಅವರು ಎಳೆಯುವುದು, ನಾನು ಕೋನ ಓದಿ, ವಾಚ್ ರಿಪೇರಿಯವರ ಕಣ್ಣುಗಾಜು ಇಟ್ಟು ಕುತ್ತಿಗೆ ಪರೀಕ್ಷಿಸಿ ಬರೆಯುವುದು. ಕೆಂಪು ಸರಿ. ನೀಲಿ ಸರಿ. ಬಿಳಿ ಬೆಣ್ಣೆಯ ಹಾಗೆ ಬಾಗಿತು, ಇಟ್ಟಲ್ಲಿ ನಿಂತಿತು. ನಾಲ್ಕನೆಯ ಸಲ ನಾನು ಗಾಜು ಇಟ್ಟು ನೋಡಿದಾಗ ಕುತ್ತಿಗೆಯ ಲೇಪದಲ್ಲಿ ಒಂದು ಗೀರು ಕಂಡಿತು. ತಲೆಗೂದಲಿಗಿಂತ ಸಪೂರ.

"ಎಂತ?" ಎಂದರು ಆಚಾರ್ರು.

"ಏನಿಲ್ಲ. ಸರಿ ಉಂಟು."

ರಿಜಿಸ್ಟರಿನಲ್ಲಿ "ಸರಿ" ಎಂದು ಬರೆದೆ. ಐದನೆಯದಕ್ಕೂ "ಸರಿ" ಎಂದು ಬರೆದೆ. ನನ್ನ ಕೈಬರಹ ಆ ಎರಡು ಕಡೆ ಸ್ವಲ್ಪ ಸಣ್ಣದಾಗಿದೆ. ಈಗಲೂ ನೋಡಿದರೆ ಕಾಣುತ್ತದೆ.

ಸಂಜೆ ಅವರು ಮೂರು ಏಳನೇ ನಂಬರುಗಳನ್ನೂ ದಾರದಲ್ಲಿ ತೂಗುಹಾಕಿ ಚಿಕ್ಕ ಸುತ್ತಿಗೆಯಿಂದ ಒಂದೊಂದಕ್ಕೆ ತಟ್ಟಿದರು. ಕೆಲಸ ಮುಗಿಸುವ ಮೊದಲು ತಟ್ಟಿ ಕೇಳುವುದು ಅವರ ಕ್ರಮ, ಅವರ ತಂದೆಯದೂ ಹೌದಂತೆ. ಕೆಂಪು, ನೀಲಿ, ಬಿಳಿ. ಬಿಳಿಗೆ ಮತ್ತೊಮ್ಮೆ ತಟ್ಟಿದರು. ರಿಜಿಸ್ಟರ್ ಕೇಳಿದರು, ಓದಿದರು. ಬಿಳಿಯ ಕುತ್ತಿಗೆಯ ಮೇಲೆ ಉಗುರು ಎಳೆದರು. ಉಗುರು ಒಂದು ಕಡೆ ಸಿಕ್ಕಿಕೊಂಡಿತು.

"ನಿನ್ನ ಕಣ್ಣಿಗೆ ಎಂತ ಆಯ್ತು?"

ನಾನು ಕಣ್ಣುಗಾಜನ್ನು ಬೆಂಚಿನ ಮೇಲೆ ಇಟ್ಟೆ.

"ಕಂಡದ್ದು ಬರೀಲಿಲ್ಲ ನೀನು. ಯಾಕೆ?"

"ಆಚಾರ್ರೇ, ಇದೇ ಆ ಕಂಪನಿ. ಕುಲುಮೆ ತೋರಿಸುವವರು."

ಅವರು ಸುತ್ತಿಗೆಯನ್ನು ಬೆಂಚಿನ ಮೇಲೆ ಇಟ್ಟರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಹೊರಗೆ ಹೋಗಿ ಟಯರ್ ಅಂಗಡಿಯ ಮುಂದಿನ ಹಳೆಯ ಟಯರ್ ಮೇಲೆ ಕೂತರು. ಅಂಗಡಿಯವ ಸುಲೈಮಾನಿ ಚಹಾ ತಂದುಕೊಟ್ಟ. ಅದು ಅವರ ಕೈಯಲ್ಲೇ ಆರಿತು. ಬಾಗಿಲಿನಿಂದ ಅವರ ಬೆನ್ನು ಕಾಣುತ್ತಿತ್ತು. ಗೀರು ನನಗೊಬ್ಬನಿಗೆ ಗೊತ್ತಿದ್ದಷ್ಟು ಹೊತ್ತು ಅದು ಸಣ್ಣದಿತ್ತು.

ಸುಮಾರು ಒಂದು ಗಂಟೆಯ ಮೇಲೆ ಒಳಗೆ ಬಂದರು.

"ಹ್ಯಾಕ್ಸಾ ತಾ."

"ಎಂತಕ್ಕೆ?"

"ತೊಗಲು ಮಾತ್ರ ಒಡೆದದ್ದಾ, ಮಾಂಸವೂ ಒಡೆದದ್ದಾ ಅಂತ ನೋಡಬೇಕು. ನೋಡದೆ ಬರೆದರೆ ಆ ಬಡಿದವನಿಗೆ ಅನ್ಯಾಯ. ಬರೀದಿದ್ದರೆ ತಗೊಳ್ಳುವವನಿಗೆ ಅನ್ಯಾಯ."

"ಮ್ಯಾನೇಜರಿಗೆ ಕೇಳದೆ ಕೊಯ್ಯುವುದಾ?"

"ಕೇಳಿದರೆ ಬೇಡ ಅಂತಾರೆ. ಬೇಡ ಅಂದ ಮೇಲೆ ಕೊಯ್ದರೆ ತಪ್ಪು. ಈಗ ತಪ್ಪಿಲ್ಲ."

ಅವರ ದನಿಯಲ್ಲಿ ಆಸೆ ಇತ್ತು. ಮಾಂಸ ಸರಿ ಇದ್ದರೆ ಬಿಳಿ ಉಳಿಯಬಹುದು ಎಂಬ ಆಸೆ ನನಗೂ ಇತ್ತು.

ಮರುದಿನ ಬೆಳಿಗ್ಗೆ ತಲೆಯನ್ನು ವೈಸಿಗೆ ಕಚ್ಚಿಸಿ ಕುತ್ತಿಗೆಯಿಂದ ತುದಿಯವರೆಗೆ ಉದ್ದಕ್ಕೆ ಕೊಯ್ಯಲು ಶುರುಮಾಡಿದರು. ಮೂರು ಬ್ಲೇಡು ಸವೆಯಿತು. ಇಬ್ಬರೂ ಸರದಿಯಲ್ಲಿ ಎಳೆದೆವು. ಮಧ್ಯಾಹ್ನದ ಹೊತ್ತಿಗೆ ಅದು ಎರಡು ಹೋಳಾಯಿತು. ಕೊಯ್ದ ಮುಖವನ್ನು ಸ್ಯಾಂಡ್‌ಪೇಪರಿನಲ್ಲಿ, ಒರಟಿನಿಂದ ನುಣುಪಿಗೆ, ಕನ್ನಡಿಯಾಗುವವರೆಗೆ ತಿಕ್ಕಿದೆವು. ರೇಡಿಯೇಟರ್ ಅಂಗಡಿಯಲ್ಲಿ ಬೆಸುಗೆಗೆ ಬಳಸುವ ಆಸಿಡ್ ಇತ್ತು. ಆಚಾರ್ರು ಅದನ್ನು ಬಿಸಿನೀರಿಗೆ ಬೆರೆಸಿ, ಹೋಳನ್ನು ಇಕ್ಕುಳದಲ್ಲಿ ಹಿಡಿದು ಅದ್ದಿ, ಕಾದು, ತೆಗೆದು, ತೊಳೆದು ಬೆಳಕಿಗೆ ಹಿಡಿದರು.

ಕಬ್ಬಿಣದೊಳಗೆ ಗೆರೆಗಳಿದ್ದವು.

ಹಲಸಿನ ಹಲಗೆಯಲ್ಲಿ ಇರುವಂಥ ಗೆರೆಗಳು, ಅದಕ್ಕಿಂತ ಸಪೂರ, ನೂರಾರು. ಕುತ್ತಿಗೆಯಿಂದ ಒಟ್ಟಿಗೆ ಇಳಿದು, ತಿರುವಿನಲ್ಲಿ ಒಂದಕ್ಕೊಂದು ಒತ್ತಿಕೊಂಡು ಬಳಸಿ, ಮುಂದೆ ಹರಡಿ, ಅಡಿಯ ಹೊಟ್ಟೆಯ ಹತ್ತಿರ ಮೆಲ್ಲಗೆ ಮೇಲೆದ್ದು ತುದಿಗೆ ಹೋಗಿದ್ದವು. ಒಂದೂ ಎಲ್ಲಿಯೂ ತುಂಡಾಗಿರಲಿಲ್ಲ. ನೇರವಾದ ಸರಳನ್ನು ಕಾಯಿಸಿ ಬಡಿದವನು ಕಬ್ಬಿಣದ ಒಂದು ನೂಲನ್ನೂ ಹರಿಯದೆ ಅದನ್ನು ಈ ಆಕಾರಕ್ಕೆ ಕರೆದುಕೊಂಡು ಬಂದಿದ್ದ. ಮೇಲೆ ಲೇಪ ಹಾಕಿದ ಮೇಲೆ ಯಾರೂ ಕಾಣದ ಜಾಗ ಅದು.

ಆಚಾರ್ರು ಹೋಳನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಮುಟ್ಟಿಸಿಕೊಂಡರು. ಆಯುಧ ಪೂಜೆಯ ದಿನ ಸುತ್ತಿಗೆಯನ್ನು ಮುಟ್ಟಿಸಿಕೊಳ್ಳುವಂತೆ.

"ನನ್ನ ಅಪ್ಪ ಇದನ್ನು ಬಾಯಲ್ಲಿ ಹೇಳ್ತಿದ್ದರು," ಎಂದರು. "ಪೆಟ್ಟು ಸರಿ ಬಿದ್ದರೆ ಕಬ್ಬಿಣ ಒಳಗೆ ನಡೀತದೆ ಅಂತ. ನಾನು ನೋಡಿದ್ದು ಇವತ್ತು."

ಗೀರು ಕಬ್ಬಿಣಕ್ಕೆ ಇಳಿದಿರಲಿಲ್ಲ. ಲೇಪದ ದಪ್ಪಕ್ಕೇ ನಿಂತಿತ್ತು.

"ಹಾಗಾದರೆ ದೋಷ ಇಲ್ಲ ಅಂತ ಬರೆಯುವ ಆಚಾರ್ರೇ. ಮಾಂಸ ಸರಿ ಉಂಟಲ್ಲ."

ಅವರು ಗೀರಿನ ಮೇಲೆ ಮತ್ತೊಮ್ಮೆ ಉಗುರು ಎಳೆದರು. ಆಮೇಲೆ ಗೀರು ಇದ್ದ ಹೋಳನ್ನು ತೆಗೆದುಕೊಂಡು ಹಿಂದಿನ ಬಾಗಿಲಿಗೆ ಹೋಗಿ ಉಪ್ಪು ಮರಳಿನ ತಟ್ಟೆಯಲ್ಲಿ ಊರಿದರು.

"ಇದು ಜಪಾನಿನಲ್ಲಿ ಮಾರುವ ಸಾಮಾನಾ? ಇಲ್ಲಿ ಮಾರುವುದು. ಇಲ್ಲಿಯ ಗಾಳಿಯನ್ನೂ ಕೇಳುವ. ಒರೆಸಬೇಡ ಮತ್ತೆ."

ಮೂರನೆಯ ಬೆಳಿಗ್ಗೆ ಗೀರಿನಿಂದ ಹೆಂಚಿನ ಬಣ್ಣದ ಒಂದು ಎಳೆ ಹೊರಗೆ ಬಂದಿತ್ತು. ಐದನೆಯ ದಿನ ಗೀರಿನ ಎರಡೂ ಬದಿಯ ಲೇಪ, ಕಡಲ ಬದಿಯ ಮನೆಯ ಕಿಟಕಿಯ ಬಣ್ಣದ ಹಾಗೆ ಉಬ್ಬಿ ಎದ್ದಿತ್ತು. ಅದೇ ರೀತಿ ಐದು ಸಲ ಬಗ್ಗಿಸಿದ ನೀಲಿಯ ಲೇಪ ತೆಳು, ಬಾಗುವಾಗ ಜೊತೆಗೆ ಬಾಗಿತ್ತು. ಅದರ ತಲೆಯೂ ಅದೇ ತಟ್ಟೆಯಲ್ಲಿ ಐದು ದಿನ ಇತ್ತು, ಏನೂ ಆಗಿರಲಿಲ್ಲ.

ಆಚಾರ್ರು ಸ್ಟೂಲು ಎಳೆದು ಕೂತರು.

"ಬರಿ. ಕಬ್ಬಿಣದಲ್ಲಿ ಬಿಳಿ ಮೊದಲು. ತೂಕದಲ್ಲಿ ಬಿಳಿ ಮೊದಲು. ಪಟ್ಟರಿನಲ್ಲಿ ಬಿಳಿ ಮೊದಲು. ಕುತ್ತಿಗೆಯ ಲೇಪ ಈ ಊರಿಗೆ ಆಗುದಿಲ್ಲ. ಬಗ್ಗಿಸಿ ಕೊಟ್ಟರೆ ಒಂದು ವರ್ಷದಲ್ಲಿ ಒಳಗಿನಿಂದ ತಿನ್ನುತ್ತದೆ. ನೀಲಿ ತರಿಸಬಹುದು."

ಬರೆದೆ. ಮೊದಲು ಬರೆದಿದ್ದ ಎರಡು "ಸರಿ"ಗಳ ಮೇಲೆ ಗೀಟು ಹಾಕಿ ಪಕ್ಕದಲ್ಲಿ ಸಹಿ ಮಾಡು ಎಂದರು. ಮಾಡಿದೆ.

ಮ್ಯಾನೇಜರ್ ಬಂದು ಹೋಳು ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡರು.

"ಯಾ ಅಲ್ಲಾ. ಇದನ್ನು ಸೌತೆಕಾಯಿ ಅಂತ ಮಾಡಿದ್ದೀರಾ ಆಚಾರ್ರೇ? ಸ್ಯಾಂಪಲ್ ವಾಪಸು ಕೊಡ್ಲಿಕ್ಕುಂಟು."

"ಗೀರು ಇದ್ದ ಹೋಳು ವಾಪಸು ಕೊಡಿ. ಅವರಿಗೆ ಬೇಕಾದ್ದು ಅದೇ. ಇನ್ನೊಂದು ನನಗಿರಲಿ."

ಮ್ಯಾನೇಜರ್ ರಿಜಿಸ್ಟರ್ ಓದಿದರು. ಬಿಳಿ ಯಾವುದು ಎಂದು ನನ್ನನ್ನು ಕೇಳಿದರು. ಹೇಳಿದೆ. ಅವರು ಆಚಾರ್ರ ಕಡೆ ನೋಡಿದರು.

"ಗೊತ್ತಿತ್ತಾ ನಿಮಗೆ?"

"ಆಮೇಲೆ ಗೊತ್ತಾಯ್ತು."

"ಆಮೇಲೆ ಗೊತ್ತಾಗಿಯೂ... ಹಾಗಾದರೆ ಜಪಾನ್ ಖಲಾಸ್." ನಗಲು ಹೋಗಿ ಅವರು ನಗಲಿಲ್ಲ. ಎಲ್ಲವನ್ನೂ ಇಂಗ್ಲಿಷಿಗೆ ಮಾಡಿ, ಹೋಳಿನ ಜೊತೆ ಕಳಿಸುತ್ತೇನೆ ಎಂದು ಹೇಳಿ ಹೋದರು.

ಆಚಾರ್ರು ದೊಡ್ಡ ಕೆಲಸ ಮಾಡಿದೆ ಎಂಬಂತೆ ನಡೆದುಕೊಳ್ಳಲಿಲ್ಲ. ಒಂದು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಊಟದ ಡಬ್ಬಿ ಬೇರೆ ಕೂತು ಬಿಚ್ಚಿದರು. ಒಂದು ದಿನ ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ಗೊಣಗುತ್ತಾ, ನನ್ನ ಮುಖ ನೋಡದೆ ಹೇಳಿದರು: "ಸುಳ್ಳು ಹೇಳುವುದಾದರೆ ಇನ್ನೂ ಸ್ವಲ್ಪ ಚಂದ ಮಾಡಿ ಹೇಳಬೇಕಿತ್ತು ನೀನು." ಅದಾದ ಮೇಲೆ ನಾವು ಮೊದಲಿನ ಹಾಗೆ ಆದೆವು.

ಒಂದೂವರೆ ವರ್ಷದ ಮೇಲೆ ಅವರು ಊರಿಗೆ ಹೋದರು. ಹೋಳನ್ನು ಕರ್ಚೀಫಿನಲ್ಲಿ ಸುತ್ತಿ ಕೈಚೀಲದಲ್ಲಿ ಇಟ್ಟುಕೊಂಡಿದ್ದರು. ಏರ್‌ಪೋರ್ಟಿನಲ್ಲಿ ತೆರೆಸಿ ಕೇಳಿದಾಗ ಏನು ಹೇಳುವುದೆಂದು ತಿಳಿಯದೆ "ಜಪಾನ್" ಎಂದರಂತೆ.

ಅವರು ಹೋದ ಮರುವರ್ಷ ಆ ಬಿಳಿ ಕಂಪನಿಯಿಂದ ಕಾಗದ ಬಂತು. ಕುತ್ತಿಗೆಯ ಲೇಪದ ಕ್ರಮ ಬದಲಿಸಿದ್ದೇವೆ, ಆ ತಲೆಯನ್ನು ಕೊಯ್ದವರು ಬಂದು ನೋಡಬೇಕು ಎಂದು. ನಾನು ಊರಿಗೆ ಫೋನ್ ಮಾಡಿದೆ. ಆಚಾರ್ರಿಗೆ ಆಗಲೇ ದಮ್ಮು ಶುರುವಾಗಿತ್ತು.

"ಉಡುಪಿಯ ಬಸ್ಸು ಹತ್ತಲಿಕ್ಕೇ ಮಗಳು ಕೈ ಹಿಡಿಯಬೇಕು. ನೀನು ಹೋಗು. ನೀನೂ ಮುಕ್ಕಾಲು ಬ್ಲೇಡು ಎಳೆದಿದ್ದೀ ಅಲ್ವಾ."

ಹೋದೆ. ಗದ್ದೆಗಳ ನಡುವೆ ಸಣ್ಣ ಊರು. ಅಲ್ಲಿಯ ಕುಲುಮೆಯ ಮೇಸ್ತ್ರಿಗೆ ಆಚಾರ್ರಷ್ಟೇ ವಯಸ್ಸು. ಅವರ ಮೇಜಿನ ಮೇಲೆ, ಬಿಳಿ ಬಟ್ಟೆಯ ಮೇಲೆ ನಮ್ಮ ಹೋಳು ಇತ್ತು. ನಮಗಿಬ್ಬರಿಗೂ ಒಂದೂ ಮಾತು ಸಮಾನವಿರಲಿಲ್ಲ. ನಾನು ಅದನ್ನು ತೋರಿಸಿ, ಕೈಯಿಂದ ಮುದುಕರು, ದೂರ, ಬರಲಾಗಲಿಲ್ಲ ಎಂದು ತೋರಿಸಿ, ಮೇಜಿನ ಮೇಲಿದ್ದ ತಂತಿಯಿಲ್ಲದ ಫೋನ್ ಕಡೆ ಬೆರಳು ಮಾಡಿದೆ. ಅವರಿಗೆ ಅರ್ಥವಾಯಿತು. ಫೋನ್ ನನ್ನ ಕೈಗೆ ಕೊಟ್ಟು ಕುಲುಮೆಯ ಬಾಗಿಲು ತೆರೆದು ನಿಂತರು. ಆಚಾರ್ರ ಮನೆಯ ನಂಬರು ಒತ್ತಿದೆ.

"ಯಾರು?"

"ನಾನು ಆಚಾರ್ರೇ. ಜಪಾನಿನಿಂದ."

"ಊಟ ಆಯ್ತಾ?"

"ಆಯ್ತು. ಮಾತಾಡಬೇಡಿ. ಕೇಳಿ."

ಫೋನನ್ನು ಮುಂದೆ ಚಾಚಿ ಹಿಡಿದೆ. ಕೆಂಪಗೆ ಕಾದ ಸರಳನ್ನು ಒಬ್ಬ ಅಚ್ಚಿನ ಮೇಲೆ ಇಟ್ಟ. ದೊಡ್ಡ ಸುತ್ತಿಗೆ ಬಿತ್ತು. ನೆಲ ನಡುಗಿತು. ಎರಡು, ಮೂರು. ಕೆಲಸದವನು ಸರಳನ್ನು ಸರಿಪಡಿಸಿದ. ನಾಲ್ಕು. ಫೋನನ್ನು ಕಿವಿಗೆ ತಂದೆ.

"ನಾಲ್ಕನೇದು ತಡ ಆಯ್ತಲ್ಲ," ಎಂದರು ಆಚಾರ್ರು, ಕಾರ್ಕಳದ ಹತ್ತಿರದ ಅವರ ಜಗಲಿಯಿಂದ. "ತಣ್ಣಗಾದದ್ದಕ್ಕೆ ಹೊಡೆದ. ಅದು ಹೋಯ್ತು."

ಕೆಲಸದವನು ಆ ತುಂಡನ್ನು ಇಕ್ಕುಳದಲ್ಲಿ ಎತ್ತಿ, ತಿರುಗಿಸಿ ನೋಡಿ, ಪಕ್ಕದ ಗುಜರಿ ಡ್ರಮ್ಮಿಗೆ ಹಾಕಿದ.

"ಇನ್ನೊಂದು ಸಲ ಹಿಡಿ" ಎಂದರು. ಹಿಡಿದೆ. ಕೈ ಸೋತಾಗ ಮೇಸ್ತ್ರಿ ಬಂದು ಫೋನನ್ನು ತಾವು ತೆಗೆದುಕೊಂಡು ನನಗಿಂತ ಹತ್ತಿರ ಹಿಡಿದು ನಿಂತರು.

ಆಚಾರ್ರು ತೀರಿಕೊಂಡ ಸುದ್ದಿ ಬಂದಾಗ ನಾನು ಖಾಲಿದಿಯಾ ಎಂಬ ಬಡಾವಣೆಯ ಒಬ್ಬ ಗಿರಾಕಿಯ ಮನೆಯಲ್ಲಿ ಕೋಲು ಅಳೆಯುತ್ತಿದ್ದೆ. ರಜೆ ಸಿಕ್ಕಿ ಊರು ಮುಟ್ಟುವಾಗ ಉತ್ತರಕ್ರಿಯೆಯ ದಿನ. ಊಟ ಮುಗಿದು ಜನ ಹೋದ ಮೇಲೆ ಅವರ ಮಗಳು ಕರ್ಚೀಫಿನ ಗಂಟು ತಂದು ಕೊಟ್ಟಳು.

"ಅಪ್ಪ ನಿಮಗೆ ಕೊಡಲಿಕ್ಕೆ ಹೇಳಿದ್ದರು ಅಣ್ಣ. ದಿನಾ ಬೆಳಿಗ್ಗೆ ಒಂದು ಹನಿ ಎಣ್ಣೆ ಹಾಕಿ ಒರೆಸ್ತಿದ್ದರು. ಇದೊಂದು ಅವರಿಗೆ ದೇವರ ಪೂಜೆಯ ಹಾಗೆ."

ಬಿಚ್ಚಿದೆ. ಕೊಯ್ದ ಮುಖದ ಮೇಲೆ ತುಕ್ಕು ಹಿಡಿದಿತ್ತು. ಗೆರೆಗಳು ಮಸುಕಾಗಿದ್ದವು. ಬೆಳಕಿಗೆ ಹಿಡಿದು ನೋಡಿದೆ. ಕಾಫಿ ಹುಡಿಯ ಬಣ್ಣ, ಬೆರಳಿಗೆ ಸ್ವಲ್ಪವೇ ಹತ್ತಿತು, ಅಂಚು ಇನ್ನೂ ಎದ್ದಿರಲಿಲ್ಲ. ಮನೆಯೊಳಗಿನ ತುಕ್ಕು, ನಿಧಾನದ್ದು.

"ಒಂದು ತಿಂಗಳು ಆಗಿರಬೇಕು ಅವರಿಗೆ ಕೈ ಎತ್ತಲಿಕ್ಕೆ ಆಗದೆ" ಎಂದೆ.

ಅವಳು ನನ್ನನ್ನೇ ನೋಡಿದಳು. "ಇವತ್ತಿಗೆ ಮೂವತ್ತೆರಡು ದಿನ. ನಿಮಗೆ ಯಾರು ಹೇಳಿದ್ದು? ಫೋನಿನಲ್ಲಿ ಯಾರಿಗೂ ಹೇಳಬಾರದು ಅಂದಿದ್ದರು ಅಪ್ಪ."

ದೇವರ ಕೋಣೆಯಿಂದ ಅವಳು ಎಣ್ಣೆಯ ಗಿಂಡಿಯನ್ನೂ ಒಂದು ಬಟ್ಟೆಯನ್ನೂ ತಂದು ನನ್ನ ಮುಂದೆ ಇಟ್ಟಳು. ಬಟ್ಟೆಯನ್ನು ಕೈಗೆ ತೆಗೆದುಕೊಂಡೆ. ಆ ಮೂವತ್ತೆರಡು ದಿನಗಳು ಆ ತುಕ್ಕಿನಲ್ಲೇ ಇದ್ದವು. ಆಮೇಲೆ ಅದನ್ನು ಹಾಗೆಯೇ ಕೆಳಗಿಟ್ಟು, ಹೋಳನ್ನು ಒರೆಸದೆ ಕರ್ಚೀಫಿನಲ್ಲಿ ಕಟ್ಟಿಕೊಂಡೆ.